ಪರದೆ ಅಕ್ಕನ ರಕ್ತದಲ್ಲಿ ಸೀಸ

ಐವತ್ತೆರಡನೆಯ ವಯಸ್ಸಿನಲ್ಲಿ ಪರದೆ ಅಕ್ಕನಿಗೆ ಪ್ರೀತಿಯಾಯಿತು. ಅದೂ ಎಂಥ ಪ್ರೀತಿ! ಊಟ ಸೇರದು, ನಿದ್ದೆ ಹತ್ತದು, ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗುವುದು, ಬಾಯಲ್ಲಿ ಇಡೀ ದಿನ ಸಿಹಿಯೋ ಕಬ್ಬಿಣವೋ ತಿಳಿಯದ ಒಂದು ರುಚಿ. ಸಾಯಂಕಾಲವಾಯಿತೆಂದರೆ ಹೊಟ್ಟೆಯೊಳಗೆ ಯಾರೋ ಕೂತು ಒದ್ದೆ ಬಟ್ಟೆ ಹಿಂಡಿದ ಹಾಗೆ. ಹರೆಯದ ಹುಡುಗಿಯರಿಗೆ ಸ್ವಲ್ಪ ಸ್ವಲ್ಪವಾಗಿ ಆಗುವುದೆಲ್ಲ ತನಗೆ ಒಟ್ಟಿಗೇ ಆಗಿಹೋಗುತ್ತಿದೆ ಎಂದು ಅವಳಿಗೆ ಒಳಗೊಳಗೇ ನಾಚಿಕೆ. ಹೊರಗೆ ಮಾತ್ರ ಗಂಟು ಮುಖ.

ಪರದೆ ಹೊಲಿಯುವುದು ಅವಳ ಕಸುಬು. ಕಿಟಕಿಯದು, ಬಾಗಿಲಿನದು, ಸಭಾಂಗಣದ ವೇದಿಕೆಯದು, ಯಾವುದಾದರೂ ಸರಿ. ಅಣ್ಣನ ಮನೆಯ ಕೆಳಗಿನ ಉದ್ದ ಕೋಣೆಯೇ ಅಂಗಡಿ. ಅದರಲ್ಲಿ ಬಾಗಿಲಿನಷ್ಟು ಅಗಲದ ಒಂದು ಮೇಜು, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಛಾವಣಿ ಮುಟ್ಟುವ ತನಕ ಬಟ್ಟೆಯ ಸುರುಳಿಗಳು. ಸಂಬಂಧಗಳು ಅವಳನ್ನು ಹುಡುಕಿಕೊಂಡು ಬರಲಿಲ್ಲವೆಂದಲ್ಲ. ಬಂದು ಬಾಗಿಲು ತಟ್ಟುವ ಹೊತ್ತಿಗೆ ಅವಳು ಯಾರದೋ ಮನೆಯ ಕಿಟಕಿ ಅಳೆಯಲು ಹೋಗಿರುತ್ತಿದ್ದಳು. ಹಾಗೇ ವರ್ಷಗಳು ಕಳೆದವು. ಬೀದಿಯ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎಂದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಹಾಲಿನವರೂ ಅಕ್ಕ ಎಂದೇ ಕರೆದರು.

ಎದುರಿನ ಬ್ಯಾಟರಿಯವನೊಬ್ಬ ಮಾತ್ರ ಕರೆಯಲಿಲ್ಲ.

ಅವನು ಬಂದು ಎಂಟು ತಿಂಗಳಾಗಿತ್ತು. ವಾಹನಗಳ ಹಳೆಯ ಬ್ಯಾಟರಿ ಬಿಚ್ಚಿ, ಸರಿಮಾಡಿ, ಮತ್ತೆ ಜೀವ ಬರಿಸುವ ಅಂಗಡಿ. ಹೆಂಡತಿ ತೀರಿಹೋಗಿ ತುಂಬ ಕಾಲವಾಗಿತ್ತು, ಮಕ್ಕಳಿರಲಿಲ್ಲ. ದಪ್ಪ ಮೀಸೆ, ಮೆಲು ದನಿ. ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಸಂಜೆ ಐದಕ್ಕೆ ಅದನ್ನು ಕಳಚಿ, ಸೋಪು ಹಾಕಿ ಕೈ ಉಜ್ಜಿ ಉಜ್ಜಿ ತೊಳೆದು, ಬೂಟು ಬದಲಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬರುತ್ತಿದ್ದ. ಮೊದಲ ವಾರವೇ ಎರಡು ಲೋಟ ಚಹಾ ಹಿಡಿದು ಬೀದಿ ದಾಟಿ ಬಂದು, ಅವಳ ಮೆಟ್ಟಿಲ ಹತ್ತಿರ ನಿಂತು, "ರೀ, ಇಲ್ಲಿ ನೋಡಿ, ಒಂದು ಲೋಟ ಜಾಸ್ತಿ ಆಗಿದೆ" ಎಂದಿದ್ದ. ಅಂದಿನಿಂದ ದಿನವೂ ಒಂದು ಲೋಟ ಜಾಸ್ತಿಯಾಗುತ್ತಲೇ ಬಂತು.

"ಅತ್ತೆ, ಅವರು ನಿಮ್ಮನ್ನ 'ರೀ' ಅಂತಾರೆ!" ಎಂದು ಅಣ್ಣನ ಮಗಳು ನಗುವಾಗ ಪರದೆ ಅಕ್ಕ ಕತ್ತರಿ ಎತ್ತಿ ಹೆದರಿಸುತ್ತಿದ್ದಳು. ಈ ಸೋದರ ಸೊಸೆ ಅಂಗಡಿಯಲ್ಲಿ ಅವಳ ಬಲಗೈ. ಹಿಂದಿನ ಬೀದಿಗೆ ಮದುವೆಯಾಗಿ ಹೋದವಳು, ಈಗ ಏಳು ತಿಂಗಳ ಬಸುರಿ. ಹೊಟ್ಟೆಯ ಮೇಲೆ ಬಟ್ಟೆ ಹರಡಿಕೊಂಡು ಗುರುತು ಹಾಕುವಷ್ಟು ಧೈರ್ಯವಂತೆ.

"ರೀ ಅಂದ್ರೇನು? ಅಂಚೆಯವರೂ ರೀ ಅಂತಾರೆ."

"ಅಂಚೆಯವರು ಅಂದಾಗ ನೀವು ಅಂಚನ್ನ ಮೇಲಕ್ಕೆ, ತಲೇನ ಕೆಳಕ್ಕೆ ಮಾಡಿ ಹೊಲಿಯಲ್ಲ."

ಅದು ನಿಜವೇ. ಹೊಸ ಸಭಾಂಗಣದಿಂದ ಬಂದ ದೊಡ್ಡ ಕೆಲಸ ಅದೇ ಎಂಟು ತಿಂಗಳಿಂದ ನಡೆಯುತ್ತಿತ್ತು. ವೇದಿಕೆಗೆ, ಕಿಟಕಿಗಳಿಗೆ ಎಲ್ಲ ಸೇರಿ ಒಂದು ಲಾರಿ ತುಂಬ ಪರದೆ. ಅದರಲ್ಲಿ ಒಂದನ್ನು ಅವಳು ತಲೆಕೆಳಗಾಗಿ ಹೊಲಿದಿದ್ದಳು. ಮೂವತ್ತು ವರ್ಷದಲ್ಲಿ ಎಂದೂ ಆಗದ್ದು. ಮರೆವು, ಸಿಟ್ಟು, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು. ಹೆಸರು ಹೇಳದಿದ್ದರೂ ಕಾಯಿಲೆ ಯಾವುದೆಂದು ಸೊಸೆಗೂ ಗೊತ್ತು, ತನಗೂ ಗೊತ್ತು ಎಂದು ಪರದೆ ಅಕ್ಕ ನಂಬಿದ್ದಳು.

ಅವಳ ಅಣ್ಣನಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಅವನು ಬೀದಿಯ ಸಂಘದ ಅಧ್ಯಕ್ಷ. ಅಧ್ಯಕ್ಷನಾದವನಿಗೆ ಏನಾದರೊಂದು ಹೋರಾಟ ಬೇಕು. ಬ್ಯಾಟರಿ ಅಂಗಡಿ ಬಂದ ದಿನದಿಂದ ಅದು ಸಿಕ್ಕಿತ್ತು. "ಸೀಸ ಅಂದ್ರೆ ವಿಷ! ಗಾಳಿಯಲ್ಲಿ ಬರತ್ತೆ, ಮೂಗಲ್ಲಿ ಹೋಗತ್ತೆ, ಒಬ್ಬೊಬ್ಬರನ್ನೇ ಮಲಗಿಸತ್ತೆ!" ಎಂದು ಅವನು ಆರೋಗ್ಯ ಇಲಾಖೆಗೆ ಅಲೆದು ಅಲೆದು, ಕೊನೆಗೆ ಬೀದಿಯವರೆಲ್ಲರ ರಕ್ತ ಪರೀಕ್ಷೆಗೆ ಏರ್ಪಾಡು ಮಾಡಿಸಿಯೇ ಬಿಟ್ಟ.

ಸಂಘದ ಕೋಣೆಗೆ ಒಬ್ಬ ಡಾಕ್ಟರಮ್ಮ, ಒಬ್ಬ ನರ್ಸು ಬಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಚುರುಕು ಕಣ್ಣು. ಮೇಜಿನ ಮೇಲೆ ರೊಟ್ಟಿಯ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ ಇಟ್ಟಳು. ಬೆರಳಿಗೆ ಚುಚ್ಚಿ ಎರಡು ಹನಿ ರಕ್ತ ಹಾಕಿದರೆ ಮೂರು ನಿಮಿಷದಲ್ಲಿ ಅದರಲ್ಲಿ ಸೀಸ ಎಷ್ಟಿದೆ ಎಂದು ಅಂಕಿ ತೋರಿಸುವ ಯಂತ್ರ. ಐದರೊಳಗೆ ಬಂದರೆ ತಲೆಬಿಸಿ ಇಲ್ಲ, ಮೇಲೆ ಹೋದಷ್ಟೂ ತೊಂದರೆ ಎಂದು ಅವಳು ವಿವರಿಸಿದಳು. ಅಣ್ಣ ಮೊದಲಿಗನಾಗಿ ಬೆರಳು ಚಾಚಿದ. ಎರಡು ಬಂತು. ಎರಡು ಬೆರಳು ಎತ್ತಿ ಹಿಡಿದು ಚುನಾವಣೆ ಗೆದ್ದವನ ಹಾಗೆ ಕೋಣೆ ತುಂಬ ಓಡಾಡಿದ. ಹಾಲಿನವರಿಗೆ ಮೂರು, ಹೂವಿನ ಗಿಡ ಮಾರುವ ದಂಪತಿಗೆ ಎರಡೆರಡು, ಬ್ಯಾಟರಿ ಅಂಗಡಿಯ ಗೋಡೆಗೆ ಗೋಡೆ ಅಂಟಿಕೊಂಡ ಮನೆಯ ಅಜ್ಜಿಗೂ ಮೂರೇ.

ಬ್ಯಾಟರಿಯವನಿಗೆ ಹತ್ತೊಂಬತ್ತು ಬಂತು.

"ನೋಡಿದ್ರಾ! ನೋಡಿದ್ರಾ!" ಅಣ್ಣ ಕುಣಿದೇಬಿಟ್ಟ.

"ಈ ಕೆಲಸ ಮಾಡೋರಲ್ಲಿ ನಾನು ಇದರ ಎರಡರಷ್ಟು ನೋಡಿದ್ದೀನಿ. ಇವರು ಹುಷಾರಾಗಿದ್ದಾರೆ. ಆದ್ರೂ ಇನ್ನೂ ಇಳಿಸ್ಬೇಕು, ಅಂಗಡಿಗೆ ಗಾಳಿ ಎಳೆಯೋ ಫ್ಯಾನ್ ಹಾಕಿ" ಎಂದಳು ಡಾಕ್ಟರಮ್ಮ. ಬ್ಯಾಟರಿಯವನು ಬೆರಳಿಗೆ ಹತ್ತಿ ಒತ್ತಿಕೊಂಡು ತಲೆ ಆಡಿಸಿ ಮೂಲೆಯ ಬೆಂಚಿನ ಮೇಲೆ ಕೂತ.

ಆಮೇಲೆ ಪರದೆ ಅಕ್ಕನ ಸರದಿ. ಮೂರು ನಿಮಿಷ ಕಳೆಯಿತು. ಡಾಕ್ಟರಮ್ಮ ಅಂಕಿ ನೋಡಿದಳು, ಯಂತ್ರ ನೋಡಿದಳು, ಅವಳ ಮುಖ ನೋಡಿದಳು.

"ಕೈ ತೊಳೆದಿದ್ರಾ?"

"ತೊಳೆದಿದ್ದೆ."

"ಮತ್ತೊಂದ್ಸಲ ತೊಳೀರಿ. ಚರ್ಮದ ಮೇಲೆ ಚೂರು ಧೂಳಿದ್ರೂ ಯಂತ್ರ ಅದನ್ನೂ ಸೇರಿಸಿ ಲೆಕ್ಕ ಹಾಕತ್ತೆ."

ಅವಳು ಮತ್ತೆ ತೊಳೆದಳು. ಮತ್ತೆ ಚುಚ್ಚಿದರು. ನಲವತ್ತಾರು.

ಅಣ್ಣನ ಎರಡು ಬೆರಳು ತಾವಾಗಿಯೇ ಮಡಚಿಕೊಂಡವು. ನರ್ಸು ತೋಳಿನ ರಕ್ತನಾಳದಿಂದ ಒಂದು ನಳಿಗೆ ರಕ್ತ ತೆಗೆದಳು. ಅದು ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕು. ಅಷ್ಟರಲ್ಲಿ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಒಂದೊಂದೇ ಕೇಳತೊಡಗಿದಳು.

"ನಿದ್ದೆ ಬರತ್ತಾ?"

"ಇಲ್ಲ."

"ಯಾವಾಗಿಂದ?"

"ಎದುರಿಗೆ ಅಂಗಡಿ ಬಂದಾಗಿಂದ." ಬಾಯಿ ಜಾರಿ ಬಂದದ್ದು. ಜಾರಿದ್ದು ತಿಳಿಯುವಷ್ಟರಲ್ಲಿ ಅಣ್ಣ ಮೇಜು ಗುದ್ದಿ, "ಬರ್ಕೊಳ್ಳಿ ಡಾಕ್ಟ್ರೇ!" ಎಂದ.

"ಹೊಟ್ಟೆ ಹಿಂಡಿದ ಹಾಗೆ ಆಗತ್ತಾ?"

"ಆಗತ್ತೆ. ಸಾಯಂಕಾಲ ಜಾಸ್ತಿ."

"ಸಾಯಂಕಾಲ ಏನು ವಿಶೇಷ?"

ಪರದೆ ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು. "ಐದಕ್ಕೆ ಅವರು... ಅಂಗಡಿಯಿಂದ ಹೊರಗೆ ಬರ್ತಾರೆ."

"ಬರ್ಕೊಳ್ಳಿ! ಬರ್ಕೊಳ್ಳಿ! ಅವನನ್ನ ನೋಡಿದ್ರೇ ನನ್ನ ತಂಗಿಗೆ ಹೊಟ್ಟೆನೋವು ಬರತ್ತೆ!"

ಮೂಲೆಯ ಬೆಂಚಿನ ಮೇಲೆ ಬ್ಯಾಟರಿಯವನ ಕಿವಿಗಳು ಕೆಂಡದ ಹಾಗೆ ಕೆಂಪಾದವು. ಪರದೆ ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರಮ್ಮ ಒಬ್ಬಳೇ, ಪೆನ್ನು ಹಲ್ಲಿಗೆ ಒತ್ತಿಕೊಂಡು, ಅವಳನ್ನೊಮ್ಮೆ ಬೆಂಚನ್ನೊಮ್ಮೆ ನೋಡಿ, ಬರೆಯದೆ ಪೆನ್ನು ಮುಚ್ಚಿದಳು.

ವಾರದಲ್ಲಿ ಪ್ರಯೋಗಾಲಯದಿಂದ ಖಚಿತವಾಗಿ ಬಂತು. ನಲವತ್ತಾರೇ. ಅಣ್ಣ ಮನೆಯ ಮೆಟ್ಟಿಲಿನಿಂದಲೇ ಕೂಗಿಕೊಂಡು ಹತ್ತಿದ: "ಅವಳ ರಕ್ತದ ತುಂಬ ಸೀಸ ಅಂತೆ, ಸೀಸ!"

ಅತ್ತಿಗೆಗೆ ಒಂದು ಕಿವಿ ಮಂದ. ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದು, "ಸೀಸೆನಾ? ನನ್ನ ನಾದಿನಿ ಕುಡೀತಾಳಾ?" ಎಂದು ಎದೆ ಹಿಡಿದುಕೊಂಡಳು.

"ಸೀಸೆ ಅಲ್ವೇ, ಸೀಸ! ಲೋಹ!"

"ಅಷ್ಟೇನಾ! ಅವಳು ಶಾಲೆಗೆ ಹೋಗುವಾಗ ಸೀಸದ ಕಡ್ಡಿ ಕಚ್ತಿದ್ಲು ಅಂತ ನಿಮ್ಮಮ್ಮನೇ ಹೇಳ್ತಿದ್ರು. ಅದೇ ಇರ್ಬೇಕು." ಸೀಸದ ಕಡ್ಡಿಯಲ್ಲಿ ಸೀಸವೇ ಇರುವುದಿಲ್ಲ ಎಂದು ಅತ್ತಿಗೆಗೆ ಯಾರು ಹೇಳಬೇಕು.

ಅಣ್ಣ ಆ ಸಂಜೆಯೇ ಸಂಘ ಸೇರಿಸಿದ. ತಿಂಗಳ ಕೊನೆಯೊಳಗೆ ಬ್ಯಾಟರಿ ಅಂಗಡಿ ಎತ್ತಬೇಕೆಂದು ತೀರ್ಮಾನ ಓದಲು ಕನ್ನಡಕ ಏರಿಸುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತಿದ್ದ ತಂಗಿ ಮುಂದೆ ಬಂದಳು. ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು.

"ಅಣ್ಣ, ಅವರ ಪಕ್ಕದ ಮನೆ ಅಜ್ಜಿಗೆ ಮೂರು. ಅವರಿಗೇ ಹತ್ತೊಂಬತ್ತು. ಬೀದಿ ಈಚೆಗಿರೋ ನಂಗೆ ನಲವತ್ತಾರು. ಗಾಳಿ ಅಜ್ಜಿ ಮನೆ ಬಿಟ್ಟು, ಅವರನ್ನೂ ಬಿಟ್ಟು, ಬೀದಿ ದಾಟಿ ನನ್ನ ಮೂಗನ್ನೇ ಹುಡುಕ್ಕೊಂಡು ಬರತ್ತಾ?"

"ನೀನು ಅವನ ಅಂಗಡಿ ಒಳಗೆ ಹೋಗಿದ್ಯಾ?"

"ಒಳಗೆ ಹೋಗಿಲ್ಲ. ಹೊರಗೆ ನಿಂತು ದಿನಾ ಚಹಾ ಕುಡೀತೀನಿ. ಅವರ ಜೊತೆ." ಜನರ ನಡುವೆ ಒಂದು ಗುಸುಗುಸು ಎದ್ದಿತು. "ಅವರ ಅಂಗಡಿ ಮುಚ್ಚಿಸಿದ್ರೆ ನಾನೂ ನನ್ನ ಅಂಗಡಿ ಮುಚ್ತೀನಿ. ಸಭಾಂಗಣದವರಿಗೆ ನೀನೇ ಹೊಲಿದುಕೊಡು."

ಚಪ್ಪಲಿ ಮಾರುವವನಿಗೆ ಪರದೆ ಹೊಲಿಯುವುದು ಎಲ್ಲಿ ಬರಬೇಕು? ತೀರ್ಮಾನ ಜೇಬಿಗೆ ವಾಪಸು ಹೋಯಿತು. ಆದರೆ ಚಹಾದ ಸುದ್ದಿ ಬೀದಿಯ ತುಂಬ ಓಡಾಡಿತು.

ಮರುದಿನ ಡಾಕ್ಟರಮ್ಮ ತಾನೇ ಪರದೆ ಅಂಗಡಿಗೆ ಬಂದಳು. ಕೈಯಲ್ಲಿ ಕೂದಲು ಒಣಗಿಸುವ ಯಂತ್ರದ ಹಾಗೆ ಕಾಣುವ ಒಂದು ಉಪಕರಣ. ಯಾವ ವಸ್ತುವಿಗೆ ಹಿಡಿದು ಒತ್ತಿದರೂ ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಹೇಳುತ್ತದಂತೆ. ಚಹಾದ ಲೋಟಕ್ಕೆ ಹಿಡಿದಳು, ಏನಿಲ್ಲ. ಗೋಡೆಯ ಬಣ್ಣಕ್ಕೆ, ನಲ್ಲಿಗೆ, ಅತ್ತಿಗೆಯ ಪಾತ್ರೆಗಳಿಗೆ, ಹೊಲಿಗೆ ಯಂತ್ರಕ್ಕೆ, ಬಟ್ಟೆಯ ಸುರುಳಿಗಳಿಗೆ ಹಿಡಿದಳು. ಸೊಸೆ ಖುಷಿಯಿಂದ ಹಿಂದೆಯೇ ಓಡಾಡುತ್ತ, "ಇದಕ್ಕೆ ಹಿಡೀರಿ, ಇದಕ್ಕೆ ಹಿಡೀರಿ" ಎಂದು ಬಾಚಣಿಗೆ, ಬೀಗದ ಕೈ, ಕೊನೆಗೆ ಅಪ್ಪನ ಕನ್ನಡಕವನ್ನೂ ತಂದಳು. ಎಲ್ಲಿಯೂ ಹೆದರುವಂಥದ್ದು ಸಿಗಲಿಲ್ಲ. ಡಾಕ್ಟರಮ್ಮ ಸುಸ್ತಾಗಿ ಮೇಜಿನ ಅಂಚಿನಲ್ಲಿ ಕೂತಳು.

"ಯೋಚನೆ ಮಾಡಿ ಹೇಳಿ. ದಿನಾ ಏನು ಮುಟ್ತೀರಾ? ಏನು ಬಾಯಿಗೆ ಹಾಕ್ತೀರಾ?"

"ಏನೂ ಇಲ್ಲಮ್ಮ. ಊಟವೇ ಸೇರ್ತಿಲ್ಲ, ಇನ್ನೇನು ಹಾಕಲಿ?" ಎನ್ನುತ್ತ ಪರದೆ ಅಕ್ಕ ಅರ್ಧ ಉಳಿದಿದ್ದ ಪರದೆಯನ್ನು ಮಡಿಲಿಗೆ ಎಳೆದುಕೊಂಡಳು. ಸುಮ್ಮನೆ ಕೂತು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಎಡಗೈಯಲ್ಲಿ ಅಂಚಿನ ಮಡಿಕೆ ಹಿಡಿದಳು, ಬಲಗೈಗೆ ಸೂಜಿ ತೆಗೆದುಕೊಂಡಳು, ಮೇಜಿನ ಕೆಳಗಿನ ತಗಡಿನ ಡಬ್ಬಿಯಿಂದ ನಾಲ್ಕೈದು ಸಣ್ಣ ಗುಂಡು ತೆಗೆದು ಕೆನ್ನೆಯೊಳಗೆ ಹಾಕಿಕೊಂಡಳು. ಪರದೆಯ ಅಂಚು ಗಾಳಿಗೆ ಹಾರದಿರಲೆಂದು ಮಡಿಕೆಯೊಳಗೆ ಹೊಲಿಯುವ ಗುಂಡುಗಳು ಅವು. ಪ್ರತಿ ಗುಂಡಿಗೂ ಒಂದು ಸೀಳು. ನಾಲಿಗೆಯಿಂದ ಒಂದನ್ನು ತುಟಿಗೆ ತಂದು, ದಾರಕ್ಕೆ ಸಿಕ್ಕಿಸಿ, ಕಟಕ್ಕನೆ ಹಲ್ಲಿನಿಂದ ಕಚ್ಚಿ ಮುಚ್ಚಿದಳು. ಮೂವತ್ತು ವರ್ಷದ ರೂಢಿ. ಎರಡು ಕೈಗೂ ಕೆಲಸವಿರುವಾಗ ಬಾಯಿಯೇ ಮೂರನೆಯ ಕೈ.

"ಉಗೀರಿ!" ಎಂದು ಡಾಕ್ಟರಮ್ಮ ಕಿರುಚಿದಳು.

ಪರದೆ ಅಕ್ಕ ಬೆಚ್ಚಿಬಿದ್ದು ಒಂದನ್ನು ಇನ್ನೇನು ನುಂಗಿಯೇಬಿಡುತ್ತಿದ್ದಳು. ಕೆಮ್ಮಿ, ಕ್ಯಾಕರಿಸಿ, ಎಲ್ಲವನ್ನೂ ಡಾಕ್ಟರಮ್ಮನ ಅಂಗೈಗೇ ಉಗಿದಳು. ಡಾಕ್ಟರಮ್ಮನಿಗೆ ಅಸಹ್ಯವೆನಿಸಲಿಲ್ಲ. ಚಿನ್ನ ಸಿಕ್ಕವಳ ಹಾಗೆ ಅವುಗಳನ್ನು ಮೇಜಿನ ಮೇಲೆ ಸುರಿದು ಉಪಕರಣ ಹಿಡಿದಳು. ಅದು ಹೇಳಿದ್ದು ಒಂದೇ: ಸೀಸ, ಬಹುತೇಕ ಪೂರ್ತಿ ಸೀಸ.

"ಇದನ್ನ ದಿನಕ್ಕೆ ಎಷ್ಟು ಕಚ್ತೀರಾ?"

"ಮೊದಲು ಅಪರೂಪಕ್ಕೆ. ಈ ಸಭಾಂಗಣದ ಕೆಲಸ ಬಂದ್ಮೇಲೆ..." ಅವಳು ಕೋಣೆಯ ತುಂಬ ಬಿದ್ದಿದ್ದ ಪರದೆಗಳ ಕಡೆ ಕೈ ತೋರಿಸಿದಳು. "ಇಷ್ಟೂ."

ಸೀಸವನ್ನು ಕಂಡರೆ ದೇಹ ಕ್ಯಾಲ್ಸಿಯಂ ಎಂದು ಮೋಸ ಹೋಗುತ್ತದೆ, ಕರೆದು ಎಲುಬಿನೊಳಗೆ ಜಾಗ ಕೊಡುತ್ತದೆ, ರಕ್ತ ಕಮ್ಮಿಯಾಗುತ್ತದೆ, ನರಗಳು ಮಂಕಾಗುತ್ತವೆ, ಬಿಟ್ಟರೆ ಮೂತ್ರಪಿಂಡಕ್ಕೂ ಕೈ ಹಾಕುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ಪರದೆ ಅಕ್ಕ ಅರ್ಧ ಕೇಳಿಸಿಕೊಂಡಳು. ಅವಳ ಕಣ್ಣು ಸೊಸೆಯ ಹೊಟ್ಟೆಯ ಮೇಲೆ ನಿಂತುಬಿಟ್ಟಿತ್ತು.

"ಇವಳು? ಇವಳೂ ಇಲ್ಲೇ ಕೂರ್ತಾಳೆ. ಅವತ್ತು ಆಸ್ಪತ್ರೆಗೆ ಹೋಗಿದ್ಲು, ಪರೀಕ್ಷೆ ಮಾಡಿಸಿಲ್ಲ."

ಡಾಕ್ಟರಮ್ಮನ ಮುಖವೂ ಗಂಭೀರವಾಯಿತು. ಬಸುರಿಯ ರಕ್ತದಲ್ಲಿ ಇರುವುದು ಮಗುವಿಗೂ ಹೋಗುತ್ತದೆ. ಅವಳು ಕಾರಿನಿಂದ ರಕ್ತ ಪರೀಕ್ಷೆಯ ಯಂತ್ರ ತಂದಳು. ಸೊಸೆ ಕೈ ತೊಳೆದು ಬೆರಳು ಕೊಟ್ಟಳು. ಆ ಮೂರು ನಿಮಿಷ ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಪರದೆ ಅಕ್ಕ ಸೊಸೆಯ ಇನ್ನೊಂದು ಕೈ ಹಿಡಿದುಕೊಂಡು, ಮನಸ್ಸಿನಲ್ಲೇ ಹಿಂದಿನ ತಿಂಗಳುಗಳನ್ನೆಲ್ಲ ಜಾಲಾಡಿದಳು. ಇವಳು ಯಾವಾಗಲಾದರೂ ಬಾಯಿಗೆ ಹಾಕಿದ್ದಳೇ? ನಾನೇ ಕಲಿಸಿದ್ದೆನೇ? ಹೀಗೆ ಕಚ್ಚು, ಬೇಗ ಆಗುತ್ತದೆ ಎಂದಿದ್ದೆನೇ?

"ಎರಡು" ಎಂದಳು ಡಾಕ್ಟರಮ್ಮ, ತಾನೂ ಉಸಿರು ಬಿಟ್ಟು.

"ಅದನ್ನ ಬಾಯಿಗೆ ಹಾಕಿದ್ರೆ ವಾಂತಿ ಬರ್ತಿತ್ತು ಅತ್ತೆ. ನಿಮ್ಮ ಕಣ್ಣು ತಪ್ಪಿಸಿ ಇಕ್ಕಳದಲ್ಲಿ ಒತ್ತುತ್ತಿದ್ದೆ" ಎಂದಳು ಸೊಸೆ. ಪರದೆ ಅಕ್ಕ ಅವಳ ಕೆನ್ನೆಗೆ ಮುತ್ತು ಕೊಡಲು ಹೋದವಳು ಅರ್ಧದಲ್ಲೇ ನಿಂತು, ಮೊದಲು ಬಾಯಿ ತೊಳೆದುಕೊಂಡು ಬಂದಳು. ಆಮೇಲೆ ಎರಡೂ ಕೆನ್ನೆಗೆ ಕೊಟ್ಟಳು.

ಡಾಕ್ಟರಮ್ಮ ಹೊರಡುವಾಗ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಬರಿಗೈಯಲ್ಲಿ ಗುಂಡು ಮುಟ್ಟಬಾರದು, ಹಾಲು, ಸೊಪ್ಪು, ಬೇಳೆ ಚೆನ್ನಾಗಿ ತಿನ್ನಬೇಕು. ಮೂಲ ನಿಂತರೆ ರಕ್ತದ ಅಂಕಿ ತಾನಾಗಿಯೇ ಇಳಿಯಬೇಕು, ಇಳಿಯದಿದ್ದರೆ ಔಷಧಿ ಇದೆ. ಎಲುಬಿನಲ್ಲಿ ಸೇರಿದ್ದು ಮಾತ್ರ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ, ಆಗಾಗ ಬಂದು ನೋಡಿಸಿಕೊಳ್ಳಬೇಕು. ಡಬ್ಬಿಯನ್ನು ಕಸಕ್ಕೆ ಎಸೆಯಬಾರದು. ಎದುರಿನವರು ಹಳೆಯ ಸೀಸವನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಕರಗಿಸುವ ಕಾರ್ಖಾನೆಗೆ ಕಳಿಸುತ್ತಾರೆ, ಅವರಿಗೆ ಕೊಡಬೇಕು.

"ಒಂದು ಕೇಳ್ಲಾ?" ಎಂದಳು ಪರದೆ ಅಕ್ಕ ಬಾಗಿಲಲ್ಲಿ, ದನಿ ತಗ್ಗಿಸಿ. "ಈ ನಿದ್ದೆ ಬರದೇ ಇರೋದು, ಹೊಟ್ಟೆ ಹಿಂಡೋದು, ಕೈ ನಡುಗೋದು... ಇದೆಲ್ಲ ಸೀಸನಾ?"

"ಎಲ್ಲ ಸೀಸವೇ. ಹೆದರ್ಬೇಡಿ, ಹೋಗತ್ತೆ."

ಅವಳಿಗೆ ಹೆದರಿಕೆಯಾದದ್ದೇ ಆಗ. ಹೋಗುತ್ತದೆಯೇ? ಎಂಟು ತಿಂಗಳು ಎದೆಯಲ್ಲಿಟ್ಟುಕೊಂಡು ಮುದ್ದಿಸಿದ್ದು ಬರಿಯ ಪರದೆಯ ಗುಂಡೇ?

ಅಂದಿನಿಂದ ಅವಳು ಸಂಜೆಯ ಚಹಾಕ್ಕೆ ಹೊರಗೆ ಬರಲಿಲ್ಲ. ಸಭಾಂಗಣದ ಪರದೆಗಳ ಅಂಚನ್ನೆಲ್ಲ ಬಿಚ್ಚಿ, ಕೈಗವಸು ಹಾಕಿಕೊಂಡು ಸೀಸ ತೆಗೆದು, ಅದರ ಬದಲು ಉಕ್ಕಿನ ಸರಪಳಿ ಹಾಕುವ ಕೆಲಸವಿದೆ ಎಂದು ಸೊಸೆಗೆ ಹೇಳಿದಳು. ಅದು ನೆಪವಾಗಿತ್ತು. ನಿಜವೇನೆಂದರೆ ಅವಳು ದಿನದಿನಕ್ಕೂ ಚೇತರಿಸಿಕೊಳ್ಳುತ್ತಿದ್ದಳು, ಅದೇ ಅವಳ ದುಃಖ. ರಾತ್ರಿ ತಲೆ ದಿಂಬಿಗೆ ತಾಗಿದರೆ ಬೆಳಗಾಗುತ್ತಿತ್ತು. ಹಸಿವೆಯಾದರೆ ಕುರಿ ನುಂಗಿ ಕೋಳಿ ನಂಜಿಕೊಳ್ಳುವಷ್ಟು. "ಇನ್ನೊಂದು ಸೌಟು ಅನ್ನ ಹಾಕು ಅತ್ತಿಗೆ" ಎಂದು ಕೇಳಿ, ಕೇಳಿದ ತಕ್ಷಣ ಕಣ್ಣೊರೆಸಿಕೊಳ್ಳುತ್ತಿದ್ದಳು. ಪ್ರತಿ ತುತ್ತಿಗೂ ಪ್ರೀತಿ ಒಂದು ಗುಂಜಿ ಇಳಿಯುತ್ತಿದೆ ಎಂದು ಅವಳ ಲೆಕ್ಕ.

ಇತ್ತ ಗುಂಡಿನ ಕಥೆ ಕೇಳಿದ ಅಣ್ಣ ಒಂದು ಬೆಳಿಗ್ಗೆ, ಚೆನ್ನಾಗಿಯೇ ಉರಿಯುತ್ತಿದ್ದ ಟಾರ್ಚನ್ನು ಹಿಡಿದುಕೊಂಡು ಎದುರಿನ ಅಂಗಡಿಗೆ ಹೋಗಿ, "ಇದು ಸ್ವಲ್ಪ ಮಂಕಾಗಿದೆ, ನೋಡಿ" ಎಂದು ನಿಂತಿದ್ದ. ಬ್ಯಾಟರಿಯವನು ಗಂಭೀರವಾಗಿ ಟಾರ್ಚು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, "ಈಗ ಸರಿಯಾಯ್ತು" ಎಂದು ಕೊಟ್ಟ. ಇಬ್ಬರ ನಡುವೆ ಕ್ಷಮೆ ಕೇಳುವುದು, ಕ್ಷಮಿಸುವುದು ಅಲ್ಲಿಗೆ ಮುಗಿಯಿತು.

ತಿಂಗಳು ತುಂಬಿದಾಗ ಎರಡನೆಯ ಪರೀಕ್ಷೆ. ಮೂವತ್ತೊಂದು. ಅದೇ ವಾರ ಬ್ಯಾಟರಿಯವನು ಮರದ ಪೆಟ್ಟಿಗೆ ಹಿಡಿದು, ಕೈಗವಸು ತೊಟ್ಟು, ಸೀಸದ ಡಬ್ಬಿ ಒಯ್ಯಲು ಪರದೆ ಅಂಗಡಿಗೆ ಬಂದ. ಸೊಸೆ ಅವನನ್ನು ನೋಡಿದ್ದೇ ಬಟ್ಟೆಯ ಸುರುಳಿಗಳ ಹಿಂದೆ ಏನೋ ಹುಡುಕಲು ಹೋದಳು. ಅಷ್ಟು ದೊಡ್ಡ ಹೊಟ್ಟೆ ಸುರುಳಿಗಳ ಹಿಂದೆ ಪೂರ್ತಿ ಅಡಗಲಿಲ್ಲ.

ಅವನು ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಬಿಗಿದ. ಹೋಗಲಿಲ್ಲ.

"ರೀ, ಇಲ್ಲಿ ನೋಡಿ. ಒಂದು ತಿಂಗಳಿಂದ ಎರಡು ಲೋಟ ಚಹಾ ತಂದು ಎರಡನ್ನೂ ನಾನೇ ಕುಡೀತಿದ್ದೀನಿ. ಇರೋ ಚೂರು ನಿದ್ದೇನೂ ಹೋಯ್ತು."

"ನಿಮಗೂ ನಿದ್ದೆ ಬರಲ್ವಾ?"

"ನಿದ್ದೆ ಇಲ್ಲ, ಊಟ ಸೇರಲ್ಲ. ಮೊನ್ನೆ ಲಾರಿಯವರ ಬ್ಯಾಟರಿಗೆ ತಂತಿ ತಿರುವುಮುರುವು ಹಾಕಿ ಕಿಡಿ ಹಾರಿಸ್ದೆ. ಮೀಸೆ ಈ ಕಡೆ ಸ್ವಲ್ಪ ಸುಟ್ಟಿದೆ, ನೋಡಿ."

ಅವಳು ನೋಡಿದಳು. ಸುಟ್ಟಿತ್ತು. "ಅಯ್ಯೋ, ಅದು ಸೀಸ ಕಣ್ರೀ. ನಂಗೂ ಹಾಗೇ ಆಗ್ತಿತ್ತು. ಡಾಕ್ಟರಮ್ಮ ಹೇಳಿದ್ರು."

"ನಾನೂ ಹಾಗೇ ಅಂದ್ಕೊಂಡು ಅವರ ಹತ್ರ ಓಡಿದೆ. ಮತ್ತೆ ರಕ್ತ ನೋಡಿದ್ರು. ಫ್ಯಾನ್ ಹಾಕಿದ್ಮೇಲೆ ಹದಿನಾರಕ್ಕೆ ಬಂದಿದೆ. 'ಹದಿನಾರಕ್ಕೆ ಇಷ್ಟೆಲ್ಲ ಆಗೋದನ್ನ ನಾನು ನೋಡಿಲ್ಲ. ಬೇರೆ ಏನೋ ಕಾರಣ ಇರ್ಬೇಕು, ಮನೆಗೆ ಹೋಗಿ ಯೋಚನೆ ಮಾಡಿ' ಅಂದ್ರು. ಮಾಡ್ದೆ."

"ಏನು ಸಿಕ್ತು?"

"ಸೀಸ ಅಲ್ಲ ರೀ." ಅವನು ಕೈಗವಸು ಕಳಚಿ ಪೆಟ್ಟಿಗೆಯ ಮೇಲಿಟ್ಟ. "ನೀವು."

ಸುರುಳಿಗಳ ಹಿಂದಿನಿಂದ 'ಕೀಂ' ಎಂಬ ಸದ್ದು ಬಂತು. ಪರದೆ ಅಕ್ಕ ಕೇಳಿಸದವಳಂತೆ ಕುರ್ಚಿಯ ಮೇಲೆ ಕುಸಿದಳು. ಅವಳಿಗೆ ಸುಳ್ಳು ಹೇಳುವುದು ಗೊತ್ತಿದ್ದರೆ ಅಲ್ಲಿಗೇ ಎಲ್ಲ ಸುಖವಾಗಿ ಮುಗಿಯುತ್ತಿತ್ತು.

"ನಂದು ನಲವತ್ತಾರು ಇತ್ತು" ಎಂದಳು ಅಳು ಬೆರೆತ ದನಿಯಲ್ಲಿ. "ನಂಗೆ ಆಗ್ತಿದ್ದದ್ರಲ್ಲಿ ಸೀಸ ಎಷ್ಟು, ನೀವು ಎಷ್ಟು ಅಂತ ನಂಗೇ ಗೊತ್ತಿಲ್ಲ. ದಿನಾ ಕಮ್ಮಿ ಆಗ್ತಿದೆ. ಪೂರ್ತಿ ಹೋದ್ಮೇಲೆ ಏನೂ ಉಳೀದೇ ಹೋದ್ರೆ? ನಿಮಗೆ ಮೋಸ ಮಾಡಿದ ಹಾಗೆ ಆಗಲ್ವಾ?"

ಅವನು ಸುಟ್ಟ ಮೀಸೆಯನ್ನು ನಿಧಾನವಾಗಿ ನೀವಿಕೊಂಡ.

"ಇಳೀಲಿ ಬಿಡಿ. ಎಲ್ಲ ಇಳಿದ್ಮೇಲೆ ಏನು ಉಳಿಯತ್ತೋ ಅದು ನನ್ನ ಪಾಲು. ಅಲ್ಲೀವರೆಗೂ ಚಹಾ ಕುಡಿಯೋಕೆ ಏನಡ್ಡಿ?"

ಅಡ್ಡಿ ಏನೂ ಕಾಣಲಿಲ್ಲ. ಸಂಜೆ ಐದಕ್ಕೆ ಮೆಟ್ಟಿಲ ಮೇಲೆ ಮತ್ತೆ ಎರಡು ಲೋಟ ಬಂದವು. ಬೀದಿಯವರು ನೋಡಿದರು. ಅಣ್ಣನೂ ನೋಡಿ, ಟಾರ್ಚು ಹಾಕಿಕೊಂಡು ಹಾಡುಹಗಲಲ್ಲಿ ಒಳಗೆ ಹೋದ. ಸೊಸೆಗೆ ಹೆರಿಗೆಯಾಯಿತು, ಗುಂಡುಗುಂಡಾದ ಹೆಣ್ಣುಮಗು. ಸಭಾಂಗಣದ ಪರದೆಗಳು ಉಕ್ಕಿನ ಸರಪಳಿಯ ಭಾರಕ್ಕೆ ನೆಟ್ಟಗೆ ಇಳಿಬಿದ್ದವು, ಒಂದೂ ತಲೆಕೆಳಗಾಗಿರಲಿಲ್ಲ.

ಮೂರನೆಯ ಪರೀಕ್ಷೆಗೆ ಅವಳು ಆಸ್ಪತ್ರೆಗೇ ಹೋಗಬೇಕಾಯಿತು. ಬ್ಯಾಟರಿಯವನು ತನ್ನ ಹಳೆಯ ವ್ಯಾನಿನಲ್ಲಿ ಕರೆದುಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಡಾಕ್ಟರಮ್ಮ ಅಂಕಿ ನೋಡಿ ನಕ್ಕಳು. ಹದಿನೇಳು.

"ನಿದ್ದೆ?"

"ಗೊರಕೆ ಹೊಡೀತೀನಂತೆ."

"ಊಟ?"

"ಕೇಳ್ಬೇಡಿ."

"ಕೈ ನಡುಕ? ಹೊಟ್ಟೆ ಹಿಂಡೋದು?"

"ಯಾವುದೂ ಇಲ್ಲಮ್ಮ" ಎಂದು ಅವಳು ನಿಟ್ಟುಸಿರು ಬಿಟ್ಟಳು. "ಒಂದೂ ಉಳಿದಿಲ್ಲ."

"ಒಳ್ಳೇದಾಯ್ತಲ್ಲ! ಯಾಕೆ ಮುಖ ಸಪ್ಪೆ?"

ಅವಳು ಎದ್ದಳು. ಬಾಗಿಲಿನವರೆಗಿನ ದಾರಿಯುದ್ದಕ್ಕೂ ಇವತ್ತೇ ಹೇಳಿಬಿಡಬೇಕು ಎಂದುಕೊಂಡಳು: ನೋಡಿ, ಪಾತ್ರೆ ಖಾಲಿಯಾಗಿದೆ, ನಿಮ್ಮ ಪಾಲಿಗೆ ಏನೂ ಉಳಿದಿಲ್ಲ, ಮನ್ನಿಸಿ. ಬಾಗಿಲು ತಳ್ಳಿದಳು.

ಬೆಂಚಿನ ಮೇಲೆ ಅವನು ಕೂತಿದ್ದ. ಆತಂಕಕ್ಕೆ ಅಂಗಿಯ ಗುಂಡಿಯನ್ನು ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರಿಂದ ಕಾಲರಿನ ಒಂದು ಕಡೆ ಕಿವಿ ಮುಟ್ಟುತ್ತಿತ್ತು. ಪಕ್ಕದಲ್ಲಿ ಕೂತ ಯಾರದೋ ಮಗು ಅವನ ಮೀಸೆ ಎಳೆಯುತ್ತಿದ್ದರೆ, ಅವನು ಅದಕ್ಕೆ ಬ್ಯಾಟರಿಯ ಬಗ್ಗೆ ಏನನ್ನೋ ತುಂಬ ಮರ್ಯಾದೆಯಿಂದ ವಿವರಿಸುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. "ಎಷ್ಟು?"

ಅವಳು ಹೇಳಲು ಬಾಯಿ ತೆರೆದಳು. ಬಂದದ್ದು ನಗು. ಹೊಟ್ಟೆ ಹಿಂಡಲಿಲ್ಲ, ಕೈ ನಡುಗಲಿಲ್ಲ, ಬಾಯಲ್ಲಿ ಯಾವ ಕೆಟ್ಟ ರುಚಿಯೂ ಇರಲಿಲ್ಲ. ಮೈ ಅಷ್ಟೂ ಹಗುರವಾಗಿ, ನೆಲ ಬಿಟ್ಟು ಒಂದು ಗೇಣು ಮೇಲಿದ್ದೇನೆ ಎನ್ನುವಂತಾಗಿ, ಆ ಓರೆ ಕಾಲರು ನೋಡಿದಷ್ಟೂ ನಗು ಉಕ್ಕಿ ಉಕ್ಕಿ ಬಂತು. ಗೋಡೆ ಹಿಡಿದುಕೊಂಡು ನಕ್ಕಳು. ಕೂತು ನಕ್ಕಳು. ಕಾಯುತ್ತಿದ್ದ ರೋಗಿಗಳೂ ಕಾರಣ ತಿಳಿಯದೆ ನಗತೊಡಗಿದರು.

"ಹದಿನೇಳು" ಎಂದಳು ಕೊನೆಗೆ, ಕಣ್ಣೊರೆಸಿಕೊಂಡು. "ಸೀಸ ಹದಿನೇಳು. ರೀ, ಅದೆಲ್ಲ ಬರೀ ಕಾಯಿಲೆ ಆಗಿತ್ತು! ಪ್ರೀತಿ ಅಂದ್ರೆ ಹ್ಯಾಗಿರತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ! ಈಗ ಬಂತು ನೋಡಿ, ಈಗ, ಈ ಬಾಗಿಲಲ್ಲಿ!"

ಅವನು ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಳ್ಳಲು ಹೋಗಿ, ಈ ಸಲ ಇನ್ನೂ ಎರಡನ್ನು ತಪ್ಪಾಗಿ ಹಾಕಿಕೊಂಡ.

ಮದುವೆಯ ವಿಷಯ ಮನೆಯಲ್ಲಿ ಹೇಳುವ ಕೆಲಸವನ್ನು ಸೊಸೆ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಮಾಡಿದಳು. ಅತ್ತಿಗೆಗೆ ಈ ಸಲ ಮೊದಲ ಬಾರಿಗೇ ಸರಿಯಾಗಿ ಕೇಳಿಸಿತು, "ಕೊನೆಗೂ!" ಎಂದಳು. ಅಣ್ಣ ಅಧ್ಯಕ್ಷನ ಮುಖ ಮಾಡಿಕೊಂಡು, "ಸಂಘದ ಒಪ್ಪಿಗೆ ಬೇಕಾಗತ್ತೆ" ಎಂದು ಗೊಣಗಿ, ತಾನೇ ಒಪ್ಪಿಕೊಂಡ. ಮದುವೆಯ ದಿನ ಇಬ್ಬರಿಗೂ ಒಂದೊಂದು ಜೊತೆ ಹೊಸ ಚಪ್ಪಲಿ ತಂದುಕೊಟ್ಟ. ಮದುಮಗನದು ಒಂದು ಅಳತೆ ದೊಡ್ಡದಾಯಿತು. ಅವನು ಅದನ್ನೇ ಮೆಟ್ಟಿಕೊಂಡು ಹೊರಟ.

ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ, ವ್ಯಾನಿನಲ್ಲಿ ಕೂತು ತಮ್ಮ ಬೀದಿಗೆ ತಿರುಗುವಾಗ ಬ್ಯಾಟರಿಯವನು ಒಂದು ಸಲ ಹಾರ್ನ್ ಒತ್ತಿದ. ಅದು ಒತ್ತಿದ್ದು ಒತ್ತಿದ ಹಾಗೇ ಸಿಕ್ಕಿಕೊಂಡಿತು. ಪೋಂ ಎಂದು ನಿಲ್ಲದೆ ಕೂಗುವ ವ್ಯಾನನ್ನು ನೋಡಲು ಬೀದಿಗೆ ಬೀದಿಯೇ ಹೊರಗೆ ಬಂತು. ಹಾಲಿನವರು ಬಂದರು, ಅಜ್ಜಿ ಬಂದಳು, ಸೊಸೆ ಮಗುವಿನ ಕಿವಿ ಮುಚ್ಚಿಕೊಂಡು ಬಂದಳು.

"ಇಳಿದು ಬ್ಯಾಟರಿ ತಂತಿ ಕೀಳ್ತೀನಿ, ಒಂದೇ ನಿಮಿಷ" ಎಂದು ಅವನು ಬಾಗಿಲು ತೆರೆಯಲು ಹೋದ.

"ಬೇಡ" ಎಂದು ಪರದೆ ಅಕ್ಕ ಅವನ ತೋಳು ಹಿಡಿದಳು. ನಗುವಿನಿಂದ ಅವಳ ಮಾತು ಅರ್ಧ ಅರ್ಧವೇ ಹೊರಗೆ ಬರುತ್ತಿತ್ತು. "ಇನ್ನೊಂದು ಸುತ್ತು ಹೋಗೋಣ."

ಹೋದರು. ಎರಡನೆಯ ಸುತ್ತಿಗೆ ಅಣ್ಣ ಕೈ ಅಡ್ಡ ಹಿಡಿದು ವ್ಯಾನು ನಿಲ್ಲಿಸಿದ. ಶಬ್ದಮಾಲಿನ್ಯದ ಬಗ್ಗೆ ಭಾಷಣ ಬರುತ್ತದೆ ಎಂದು ಎಲ್ಲರೂ ಕಾದರೆ, ಅವನು ಹಿಂದಿನ ಬಾಗಿಲು ತೆಗೆದು, ಹಳೆಯ ಟೈರೊಂದನ್ನು ಪಕ್ಕಕ್ಕೆ ಸರಿಸಿ, ಒಳಗೆ ಹತ್ತಿ ಕೂತ.